ಕನ್ನಮ್ಮ ಸಾಯಲು ಒಪ್ಪಲಿಲ್ಲ

ಹಾರೇಕೊಪ್ಪದ ಸರ್ಕಾರಿ ಆಸ್ಪತ್ರೆಯ ಬೀಗ ಎಷ್ಟು ಹಳೆಯದೆಂದರೆ, ಅದು ಸರ್ಕಾರಿ ನೌಕರನಾಗಿದ್ದರೆ ಎರಡು ಬಡ್ತಿ ಪಡೆದು, ನಿವೃತ್ತಿಯಾಗಿ, ಇಷ್ಟೊತ್ತಿಗೆ ಪಿಂಚಣಿ ತಗೊಳ್ಳುತ್ತಿರಬೇಕಿತ್ತು. ಒಂದು ದಿನವೂ ರಜೆ ಹಾಕದೆ, ವರ್ಗಾವಣೆಗೆ ಅಂತ ಯಾರ ಮನೆ ಬಾಗಿಲಿಗೂ ಅಲೆಯದೆ ಆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದು ಅದೊಂದೇ. ನರ್ಸಮ್ಮ ಆಗಾಗ ಬಂದು ಜಗಲಿಯಲ್ಲೇ ಮಕ್ಕಳಿಗೆ ಲಸಿಕೆ ಹಾಕಿ ಹೋಗುತ್ತಿದ್ದರು, ಇಲ್ಲವೆನ್ನುವಂತಿಲ್ಲ. ಆದರೆ ಡಾಕ್ಟರ ಕುರ್ಚಿಯಲ್ಲಿ ಕೊನೆಯದಾಗಿ ಕೂತದ್ದು ಹಂಚು ಸರಿಸಿ ಒಳಗಿಳಿದ ಒಂದು ಗಡವ ಮಂಗ. ಕಿಟಕಿಯಿಂದ ಇಣುಕಿದ ಜೀಪಿನ ತಿಮ್ಮಣ್ಣ, "ಯಾರೋ ಒಬ್ರು ಚಾರ್ಜ್ ತಗೊಂಡ್ರು ಮಾರಾಯ" ಅಂತ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದ. ಮಂಗಕ್ಕೂ ಆ ಜಾಗ ಹಿಡಿಸಲಿಲ್ಲ. ಮಾರನೇ ದಿನ ಅದೂ ಬರಲಿಲ್ಲ.

ಕನ್ನಮ್ಮನ ಮನೆ ಆ ಬೀಗದ ಎದುರಿಗೇ ಇತ್ತು, ನಡುವೆ ಒಂದು ರಸ್ತೆ ಅಷ್ಟೆ. ಆಸ್ಪತ್ರೆ ನಿಂತ ಜಾಗ ಅವಳ ಮಾವ ಕೊಟ್ಟದ್ದು. ಗೇಣಿಗೆ ಮಾಡುತ್ತಿದ್ದ ಗದ್ದೆ ಸ್ವಂತದ್ದಾದ ವರ್ಷ, ಆ ಹಿಗ್ಗಿಗೆ, "ನಮಗೆ ಭೂಮಿ ಬಂತು, ಊರಿಗೊಂದು ಡಾಕ್ಟರು ಬರಲಿ" ಎಂದು ಮನೆ ಎದುರಿನ ಹಕ್ಕಲು ನೆಲವನ್ನು ಸರ್ಕಾರಕ್ಕೆ ಬರೆದುಕೊಟ್ಟರಂತೆ. ಭೂಮಿ ಹೋಯಿತು. ಡಾಕ್ಟರು ಬಂದರು, ಹೋದರು, ಬಂದರು, ಹೋದರು, ಆಮೇಲೆ ಬರೀ ಹೋದರು. ಮಾವ ಕೊಟ್ಟ ಜಾಗ ಹಾಳು ಬೀಳಬಾರದೆಂದು ಕನ್ನಮ್ಮ ತನ್ನ ಅಂಗಳ ಗುಡಿಸುವಾಗ ರಸ್ತೆ ದಾಟಿ ಆಸ್ಪತ್ರೆ ಅಂಗಳವನ್ನೂ ಗುಡಿಸುತ್ತಿದ್ದಳು. ಗುಡಿಸುತ್ತಾ ಬೈಯುತ್ತಿದ್ದಳು. ಅವಳ ಬೈಗುಳ ಕೇಳಿ ಕೇಳಿ ಆ ಅಂಗಳದ ಹಲಸಿನ ಮರ ಕಾಯಿ ಬಿಡುವುದನ್ನೇ ನಿಲ್ಲಿಸಿತ್ತು ಎಂದು ತಿಮ್ಮಣ್ಣ ಹೇಳುತ್ತಾನೆ. ಅರ್ಧ ನಂಬಬಹುದು.

ಬೈಯಲು ಅವಳಿಗೆ ಕಾರಣವಿತ್ತು. ಗಂಡ ದುಗ್ಗಪ್ಪ ಒಂದು ಬೆಳಿಗ್ಗೆ ಕಡುಬು ತಿಂದು ಕೈ ತೊಳೆಯಲು ಎದ್ದವನು ಎದೆ ಹಿಡಿದುಕೊಂಡು ಕಂಬಕ್ಕೆ ಒರಗಿದ. ಕನ್ನಮ್ಮ ಮೊದಲು ಓಡಿದ್ದು ಎದುರಿನ ಆಸ್ಪತ್ರೆಗೆ. ಬೀಗ ಇದೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಆದರೂ ಓಡಿದಳು, ಬಾಗಿಲು ಬಡಿದಳು. ಆಮೇಲೆ ತಿಮ್ಮಣ್ಣನ ಜೀಪು ಬಂತು. ತೀರ್ಥಹಳ್ಳಿ ಪೇಟೆ ಕಾಣುವ ಮೊದಲೇ ದುಗ್ಗಪ್ಪ ಮುಗಿದಿದ್ದ.

"ಸತ್ತಿದ್ದಕ್ಕಲ್ಲ ನನ್ನ ಸಿಟ್ಟು" ಎಂದು ಅವಳು ಸೊಸೆ ಸೌಜನ್ಯಳ ಹತ್ತಿರ ಎಷ್ಟೋ ಸಲ ಹೇಳಿದ್ದಳು. "ಎಲ್ರೂ ಸಾಯ್ತಾರೆ. ಆ ಮನುಷ್ಯನಿಗೋಸ್ಕರ ಒಬ್ಬ ಡಾಕ್ಟ್ರು ಒಂದು ಹೆಜ್ಜೆ ಜೋರಾಗಿ ಇಡ್ಲಿಲ್ವಲ್ಲೇ, ಅದಕ್ಕೆ."

ಅವಳು ಟಿವಿಯ ಆಸ್ಪತ್ರೆ ಧಾರಾವಾಹಿಗೆ ಬಿದ್ದದ್ದು ಇದೇ ಕಾರಣಕ್ಕೆ. ದಿನಾ ಸಂಜೆ ಏಳೂವರೆಗೆ ಬರುವುದರಿಂದ ಊರಲ್ಲಿ ಅದಕ್ಕೆ ಏಳೂವರೆ ಆಸ್ಪತ್ರೆ ಎಂದೇ ಹೆಸರು. ಉಳಿದ ಹೆಂಗಸರು ಅದರ ಅತ್ತೆ ಸೊಸೆ ಜಗಳ ನೋಡಿದರೆ, ಕನ್ನಮ್ಮ ನೋಡುತ್ತಿದ್ದುದು ಒಂದೇ: ಡಾಕ್ಟರ್ ಇಂದ್ರನೀಲ ಓಡುವುದನ್ನು. ಯಾರಿಗಾದರೂ ಉಸಿರು ಸಿಕ್ಕಿಹಾಕಿಕೊಂಡಿತೋ, ಆತ ಬಿಳಿ ಕೋಟು ಹಾರಿಸಿಕೊಂಡು ಓಡಿ ಬರುತ್ತಿದ್ದ. ಆ ಆಸ್ಪತ್ರೆಯ ಕಾರಿಡಾರು ಹೊಳೆಬಾಗಿಲಿನಿಂದ ಸಾಗರದ ಪೇಟೆಯವರೆಗಾದರೂ ಇದ್ದಿರಬೇಕು. ಸೋಮವಾರ ಓಡಲು ಶುರು ಮಾಡಿದರೆ ರೋಗಿಯ ಮಂಚ ಮುಟ್ಟುವಾಗ ಬುಧವಾರ. ನಡುವೆ ಸೋಪು, ಮಸಾಲೆಪುಡಿ, ಬಂಗಾರದಂಗಡಿಯ ಜಾಹೀರಾತು.

"ಅತ್ತೆ, ಮೂರು ದಿನ ಓಡ್ತಾನಲ್ಲ, ಅಷ್ಟರೊಳಗೆ ರೋಗಿ ಏನಾಗ್ಬೇಕು?" ಎಂದು ಸೌಜನ್ಯ ಕೀಟಲೆ ಮಾಡುವಳು.

"ಬುಧವಾರ ಆದ್ರೂ ಬರ್ತಾನಲ್ಲ. ನಮ್ಮಲ್ಲಿಗೆ ಯಾವ ಬುಧವಾರ ಬಂದಿದೆ?"

ಹೀಗಿರುವಾಗ ಈ ಸಲ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಏಳೂವರೆ ಆಸ್ಪತ್ರೆಯೇ ಲಾರಿ ಹತ್ತಿ ಹಾರೇಕೊಪ್ಪಕ್ಕೆ ಬಂತು. ಕಥೆಯಲ್ಲಿ ಇಂದ್ರನೀಲ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ರಾಜೀನಾಮೆ ಕೊಟ್ಟು ಹಳ್ಳಿ ಸೇರುತ್ತಾನಂತೆ. ಅದಕ್ಕೆ ಅವರಿಗೊಂದು ಆಸ್ಪತ್ರೆ ಬೇಕಾಗಿತ್ತು. ಕಟ್ಟಡ ಗಟ್ಟಿಯಾಗಿರಬೇಕು, ಒಳಗೆ ರೋಗಿಗಳ ಕಾಟ ಇರಬಾರದು. "ಇಷ್ಟು ಅನುಕೂಲದ ಆಸ್ಪತ್ರೆ ಇಡೀ ರಾಜ್ಯದಲ್ಲಿ ಸಿಗಲಿಲ್ಲ" ಎಂದು ಡೈರೆಕ್ಟರು ಮೆಚ್ಚಿಕೊಂಡರು. ಊರವರು ಅರ್ಜಿ ಬರೆದೂ ಬರೆದೂ ಕೈ ಸೋತು ಬಿಟ್ಟ ಬೀಗಕ್ಕೆ ಇವರು ಮೇಲಿನವರಿಂದ ಒಂದು ಫೋನು ಮಾಡಿಸಿ ಸುತ್ತಿಗೆಯ ಒಂದೇ ಏಟು ಕೊಟ್ಟರು. ರಸ್ತೆಗೆ ಹಾರಿ ಬಿದ್ದ ಆ ಬೀಗವನ್ನು ಕನ್ನಮ್ಮ ಎತ್ತಿ ಸೆರಗಲ್ಲಿ ಕಟ್ಟಿಕೊಂಡಳು.

ಸಂಜೆಯೊಳಗೆ ಗೋಡೆಗೆ ಸುಣ್ಣ ಬಣ್ಣ. ಅದೂ ಕ್ಯಾಮೆರಾ ನೋಡುವ ಕಡೆ ಮಾತ್ರ. ಹಿಂದಿನ ಗೋಡೆಗೆ ಸರ್ಕಾರದ ಪಾಚಿಯೇ ಗತಿ. ಮಂಚ, ಹಾಸಿಗೆ, ಆಮ್ಲಜನಕದ ಸಿಲಿಂಡರು, ಎದೆಬಡಿತ ತೋರಿಸುವ ಯಂತ್ರ. ಮಾರನೇ ದಿನ ನೋಡಿದರೆ ಗೇಟಿನಲ್ಲಿ ಊರಿಗೆ ಊರೇ ಸಾಲು ನಿಂತಿತ್ತು, ಮಂಡಿನೋವು, ಕೆಮ್ಮು, ಕಿವಿ ಸೋರುವುದು ಎಲ್ಲ ಹೊತ್ತುಕೊಂಡು. ಇದು ನಾಟಕ ಅಂತ ಗೊತ್ತಿರಲಿಲ್ಲವೆಂದಲ್ಲ. ಬಿಳಿ ಕೋಟು ಕಂಡು ಎಷ್ಟು ಕಾಲವಾಗಿತ್ತೆಂದರೆ, ಅದರೊಳಗೆ ಯಾರಿದ್ದಾರೆ ಅಂತ ಕೇಳುವ ಸ್ಥಿತಿ ಅವರದ್ದಾಗಿರಲಿಲ್ಲ.

ಆ ಸಾಲಿನಿಂದ ಡೈರೆಕ್ಟರು ಕನ್ನಮ್ಮನನ್ನು ಆರಿಸಿದರು.

"ಅಜ್ಜಿ, ನೀವು ಮಲಗಿದ್ರೆ ಸಾಕು. ಡಾಕ್ಟರು ಓಡಿ ಬರ್ತಾರೆ."

"ನಂಗೋಸ್ಕರ?"

"ನಿಮಗೋಸ್ಕರಾನೇ."

ಕನ್ನಮ್ಮ ಮನೆಗೆ ಹೋಗಿ ಧಾರೆ ಸೀರೆ ಉಟ್ಟು ಬಂದಳು. ಹರಿದ ಸೀರೆ ಉಟ್ಟುಕೊಂಡು ಬನ್ನಿ, ಬಡವರ ಪಾತ್ರ ಎಂದರು. "ನಮ್ಮನೇಲಿ ಹರಿದದ್ದು ನೆಲ ಒರೆಸೋಕೆ ಇರೋದು, ಉಡೋಕಲ್ಲ" ಎಂದು ಅವಳು ಮಂಚ ಹತ್ತಿ ಮಲಗಿಯೇಬಿಟ್ಟಳು. ಕೊನೆಗೆ ಕುತ್ತಿಗೆಯವರೆಗೆ ಹೊದಿಕೆ ಎಳೆದು ಬಡತನ ಮಾಡಿದರು.

ಇಂದ್ರನೀಲ ಓಡಿದ. ಬೆಳಗಿನಿಂದ ಊಟದ ಹೊತ್ತಿನವರೆಗೆ ಓಡಿದ. ಬೆಳಕು ಸರಿಯಿಲ್ಲವೆಂದು ಒಮ್ಮೆ, ಕೋಳಿ ಅಡ್ಡ ಬಂತೆಂದು ಒಮ್ಮೆ, ಕೂದಲು ಹಾರಲಿಲ್ಲವೆಂದು ಒಮ್ಮೆ. ಮೊದಲ ಸಲ ಅವನು ಬಂದು ಕೈ ಹಿಡಿದಾಗ ಕನ್ನಮ್ಮ ತನ್ನ ಇನ್ನೊಂದು ಕೈಯನ್ನೂ ಅದರ ಮೇಲಿಟ್ಟಳು. ಆದರೆ ಹಿಡಿದ ಕೈಯನ್ನು ಹಾಗೇ ಬಿಟ್ಟು ಅವನು ಹಿಂದೆ ತಿರುಗಿ ಕೇಳಿದ್ದು, "ಓಡಿದ್ದು ಓಕೆನಾ?" ಎಂದು, ಅದೂ ಕ್ಯಾಮೆರಾದವನ ಹತ್ತಿರ. ಪಕ್ಕದ ಯಂತ್ರದಲ್ಲಿ ಹಸಿರು ಗೆರೆ ಏರಿ ಇಳಿಯುತ್ತಿತ್ತು. ಅವಳಿಗೆ ಒಂದು ದಾರದ ತುಂಡನ್ನೂ ಜೋಡಿಸಿರಲಿಲ್ಲ.

"ಇದು ಯಾರ ಎದೆ ಮಾರಾಯ ಹೊಡ್ಕೊಳ್ತಿರೋದು?"

"ಪೆನ್‌ಡ್ರೈವ್ ಅಜ್ಜಿ" ಎಂದ ಯಂತ್ರದವನು. "ನಾಳೆಗೆ ಬೇರೆ ಫೈಲು ಇದೆ. ಸಪಾಟು ಗೆರೆ."

ನಾಳೆಗೆ ಸಪಾಟು ಗೆರೆ ಯಾಕೆಂದು ಅವಳಿಗೆ ತಿಳಿದದ್ದು ಮಾರನೇ ಬೆಳಿಗ್ಗೆ, ಮಂಚ ಹತ್ತಿದ ಮೇಲೆ.

"ಇವತ್ತು ನೀವು ಸಾಯ್ತೀರಿ ಅಜ್ಜಿ" ಎಂದರು ಡೈರೆಕ್ಟರು, ಇವತ್ತು ಉಪ್ಪಿಟ್ಟು ಎನ್ನುವಷ್ಟೇ ಸಲೀಸಾಗಿ. "ಡಾಕ್ಟರು ಎಷ್ಟು ಕಷ್ಟಪಟ್ರೂ ನೀವು ಉಳಿಯಲ್ಲ. ಅವರು ಮಳೆಯಲ್ಲಿ ನಿಂತು ಅಳ್ತಾರೆ. ಟ್ಯಾಂಕರ್ ತರಿಸಿದೀವಿ."

"ನಾ ಸಾಯೋದಿಲ್ಲ."

"ಸುಮ್ನೆ ಕಣ್ಮುಚ್ಚೋದಷ್ಟೆ. ನಿಜವಾಗ್ಲೂ ಅಲ್ಲ."

"ನಿಜವಾಗ್ಲೂ ಆಗಿದ್ರೆ ಸಾಯ್ತಿದ್ದೆ. ಅದಕ್ಕೆ ನಮ್ಮೂರಲ್ಲಿ ಯಾರ ಅಪ್ಪಣೇನೂ ಬೇಕಾಗಿಲ್ಲ, ಎಲ್ಲ ಅನುಕೂಲ ಸರ್ಕಾರವೇ ಮಾಡಿದೆ." ಕನ್ನಮ್ಮ ಎದ್ದು ಕೂತಳು. "ನೋಡು ತಮ್ಮ. ಈ ಆಸ್ಪತ್ರೆಗೆ ಡಾಕ್ಟ್ರು ಬಂದು, ಓಡಿ, ಕೈ ಹಿಡಿದು, ಆಮೇಲೂ ನಾ ಸತ್ತೆ ಅಂತ ತೋರಿಸಿದ್ರೆ ನೋಡಿದೋರು ಎಂತ ಅಂದ್ಕೊಳ್ತಾರೆ? ಹಾರೇಕೊಪ್ಪದೋರು ಡಾಕ್ಟ್ರಿದ್ರೂ ಸಾಯ್ತಾರೆ, ಇಲ್ದಿದ್ರೂ ಸಾಯ್ತಾರೆ, ಮತ್ಯಾಕೆ ಕೊಡೋದು ಅಂತಾರೆ. ಕೊಡದೆ ಇರೋಕೆ ಸಾಹೇಬ್ರು ನೆಪ ಹುಡುಕ್ತಾ ಕೂತಿದ್ದಾರೆ. ಅದನ್ನೂ ನಾನೇ ಕೊಡ್ಲಾ?"

ಬೇರೆ ಅಜ್ಜಿಯನ್ನು ಮಲಗಿಸೋಣವೆಂದರೆ ನಿನ್ನೆಯ ದೃಶ್ಯದಲ್ಲೆಲ್ಲ ಇವಳದೇ ಮುಖ. ಸೌಜನ್ಯಳನ್ನು ಕರೆಸಿ ನಿಮ್ಮತ್ತೆಗೆ ಬುದ್ಧಿ ಹೇಳಿ ಎಂದರು. ಅವಳು ಬಂದು ಬುದ್ಧಿ ಹೇಳುವ ಬದಲು ಅತ್ತೆಗೆ ಕಾಫಿ ಕೊಟ್ಟು, ದಿಂಬು ಸರಿಮಾಡಿ ಹೋದಳು. ಟ್ಯಾಂಕರಿನ ಮಳೆ ಟ್ಯಾಂಕರಿನಲ್ಲೇ ಉಳಿಯಿತು. ಡೈರೆಕ್ಟರು ಬೆಂಗಳೂರಿಗೆ ಫೋನು ಮಾಡಿದರು. ಬೆಂಗಳೂರು ಇನ್ನೆಲ್ಲಿಗೋ ಮಾಡಿತು.

ಅದರ ಫಲವಾಗಿ ಆರೋಗ್ಯ ಇಲಾಖೆಯ ಸಾಹೇಬರ ಜೀಪು ಬಂತು. ಹೊಟ್ಟೆ ತುಂಬಿದ ಎಮ್ಮೆಗಿಂತ ನಿಧಾನವಾಗಿ ನಡೆಯುವ ಸಾಹೇಬರು ಎಂದು ಅವರಿಗೆ ಹೆಸರಿತ್ತು. ಅವತ್ತು ಜೀಪು ಪೂರ್ತಿ ನಿಲ್ಲುವ ಮೊದಲೇ ಹಾರಿಕೊಂಡರು. ಗೇಟಿನಿಂದ ಬಾಗಿಲವರೆಗೆ ಓಡಿದರು. ಒಂದು ಚಪ್ಪಲಿ ಹಿಂದೆಯೇ ಉಳಿಯಿತು.

"ಶೂಟಿಂಗ್ ನಿಂತಿದೆಯಂತೆ? ಏನು ತೊಂದರೆ?"

ಮಂಚದ ಮೇಲಿದ್ದ ಕನ್ನಮ್ಮ ಅವರನ್ನು ಮೇಲಿನಿಂದ ಕೆಳಗೆ, ಚಪ್ಪಲಿಯಿಲ್ಲದ ಪಾದದವರೆಗೆ ನೋಡಿದಳು.

"ನೀವು ಡಾಕ್ಟ್ರಾ?"

"ಹೌದಮ್ಮ, ಎಂಬಿಬಿಎಸ್ಸೇ. ಈಗ ಆಡಳಿತದಲ್ಲಿದೀನಿ."

"ಹಂಗಾದ್ರೆ ಡಾಕ್ಟ್ರಿಗೂ ಓಡೋಕೆ ಬರ್ತದೆ."

ಸಾಹೇಬರಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿದ್ದ ತಿಮ್ಮಣ್ಣನಿಗೆ ಆಯಿತು. ಅವನು ತಲೆ ತಗ್ಗಿಸಿದ.

"ಕಾಲು ನೋವಿರಬಹುದು, ದಾರಿ ದೂರ ಇರಬಹುದು ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ" ಎಂದಳು ಕನ್ನಮ್ಮ. ದನಿ ಏರಿರಲಿಲ್ಲ. "ನಮ್ಮನೆಯೋರು ಎದೆ ಹಿಡ್ಕೊಂಡು ಆ ಕಂಬಕ್ಕೆ ಒರಗಿದಾಗ ಈ ಕಾಲು ಎಲ್ಲಿತ್ತು ಸ್ವಾಮಿ? ಪೆನ್‌ಡ್ರೈವಿನ ಎದೆ ನಿಂತರೆ ಓಡಿ ಬರ್ತೀರಿ. ಮನುಷ್ಯನ ಎದೆಗೆ ಯಾರಿಂದ ಫೋನು ಮಾಡಿಸ್ಬೇಕು? ಆ ನಂಬರು ಕೊಡಿ."

ಡಾಕ್ಟರನ್ನು ಕೊಡುವುದು ತನ್ನ ಕೈಯಲ್ಲಿಲ್ಲ, ಹುದ್ದೆ ಖಾಲಿ, ಪ್ರಸ್ತಾವನೆ ಮೇಲೆ ಹೋಗಿದೆ ಎಂದು ಸಾಹೇಬರು ಶುರುಮಾಡಿದರು. ಆ ಪ್ರಸ್ತಾವನೆ ಇಷ್ಟು ವರ್ಷ ಮೇಲೆ ಹೋಗುತ್ತಲೇ ಇದ್ದರೆ ಈಗ ಚಂದ್ರನನ್ನು ದಾಟಿರಬೇಕು. ಕನ್ನಮ್ಮ ಅವರನ್ನು ಬಿಟ್ಟು ಡೈರೆಕ್ಟರ ಕಡೆ ತಿರುಗಿದಳು.

"ಇವ್ರನ್ನ ಓಡಿಸಿದ್ದು ನಿನ್ನ ಫೋನು. ಅದೇ ಫೋನು ಇನ್ನೊಂದ್ಸಲ ಮಾಡು. ಡಾಕ್ಟ್ರು ಬರ್ಲಿ. ಬಂದ ಮೇಲೆ ಸಾಯ್ತೀನಿ."

ಡೈರೆಕ್ಟರಿಗೂ ಅವತ್ತು ಯಾಕೋ ಸಿಟ್ಟು ಬಂದಿತ್ತು, ಅಜ್ಜಿಯ ಮೇಲೋ ಸಾಹೇಬರ ಮೇಲೋ ತಿಳಿಯದು. ಹೊರಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಸಂಜೆಯೊಳಗೆ ಆದೇಶ ಬಂತು: ಮುಂದಿನ ಆದೇಶದವರೆಗೆ ವಾರಕ್ಕೆರಡು ದಿನ ಒಬ್ಬ ಡಾಕ್ಟರು. ಸಾಹೇಬರು ಅವಸರದಲ್ಲಿ ಶ್ಯಾಮಲಾ ಎಂಬ ಹೊಸ ಡಾಕ್ಟರಿಗೆ ಫೋನು ಮಾಡಿ, "ಹಾರೇಕೊಪ್ಪದಲ್ಲಿ ಒಬ್ರು ಅಜ್ಜಿ, ಡಾಕ್ಟರು ಬಂದ ಮೇಲೇ ಸಾಯೋದು ಅಂತ ಹಠ ಹಿಡ್ಕೊಂಡಿದಾರೆ, ಬೆಳಿಗ್ಗೇನೇ ಹೋಗಿ" ಎಂದರಂತೆ. ಶೂಟಿಂಗಿನ ಮಾತು ಎತ್ತುವುದನ್ನು ಮರೆತರು.

ಮಾರನೇ ದಿನ ಕನ್ನಮ್ಮ ಮಂಚವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ರಸ್ತೆ ನೋಡುತ್ತಾ ಮಲಗಿದಳು. ಒಂದು ಸ್ಕೂಟರು ಬಂದು ನಿಂತಿತು. ಹೆಲ್ಮೆಟ್ಟು ತೆಗೆದವಳು ಸೌಜನ್ಯಳಿಗಿಂತ ಚಿಕ್ಕವಳು, ಕೊರಳಲ್ಲಿ ಸ್ಟೆತಾಸ್ಕೋಪು. ಕನ್ನಮ್ಮ ಸಮಾಧಾನದಿಂದ ಕಣ್ಣು ಮುಚ್ಚಿ, "ಆಯ್ತು, ಸತ್ತೆ" ಎಂದಳು.

ಡೈರೆಕ್ಟರು ಕೈ ಮಾಡಿದರು. ಯಂತ್ರದಲ್ಲಿ ಗೆರೆ ಸಪಾಟಾಯಿತು. ಬೆಂಗಳೂರಿನಿಂದ ಬಂದಿದ್ದ ಮಗಳ ಪಾತ್ರದವಳು ಎಂಥ ಚೀರು ಚೀರಿದಳೆಂದರೆ ಮೂರು ಊರಾಚೆ ಹಾಲು ಕರೆಯುತ್ತಿದ್ದವರ ಕೈಯಿಂದ ಚೆಂಬು ಬಿತ್ತು.

ಗೇಟಿನಲ್ಲಿದ್ದ ಶ್ಯಾಮಲಾಗೆ ಆ ಚೀರು ಕೇಳಿತು. ಜನ, ಲಾರಿ, ದೀಪ ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ಬ್ಯಾಗು ಬಿಸಾಡಿ ಓಡಿದಳು. ಕೂದಲು ಹಾರಲಿಲ್ಲ, ಬಿಚ್ಚಿ ಮುಖಕ್ಕೆ ಅಂಟಿತು. ಮೆಟ್ಟಿಲಲ್ಲಿ ಎಡವಿ ಮೊಣಕೈ ತರಚಿಕೊಂಡಳು. ಅಳಲು ಮುಖ ಸಿದ್ಧಮಾಡಿಕೊಳ್ಳುತ್ತಿದ್ದ ಇಂದ್ರನೀಲನನ್ನು ಆಮ್ಲಜನಕದ ಸಿಲಿಂಡರಿನ ಮೇಲಕ್ಕೆ ತಳ್ಳಿ, ಕನ್ನಮ್ಮನ ಮಣಿಕಟ್ಟು ಹಿಡಿದಳು. ಯಂತ್ರದ ಗೆರೆ ನೋಡಿದಳು. ಬೆರಳಡಿಯ ನಾಡಿ ನೋಡಿದಳು. ಮತ್ತೆ ಯಂತ್ರ ನೋಡಿದಳು.

"ಇವರು ಬದುಕಿದಾರೆ" ಎಂದಳು, ಏದುಸಿರಲ್ಲಿ. "ಯಾರ್ರೀ ಇವರನ್ನ ಸತ್ತಿದಾರೆ ಅಂದಿದ್ದು?"

ಸತ್ತ ಕನ್ನಮ್ಮನ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಹಿಡಿದ ಕೈಯನ್ನು ಶ್ಯಾಮಲಾ ಬಿಟ್ಟಿರಲಿಲ್ಲ, ಯಾರ ಕಡೆಗೂ ತಿರುಗಿರಲಿಲ್ಲ.

"ಬಂದ್ಯಾ ಮಗಾ" ಎಂದಳು ಕನ್ನಮ್ಮ, ಕಣ್ಣು ತೆರೆಯದೆ. "ಇಷ್ಟು ತಡ ಮಾಡೋದಾ?"

ಡೈರೆಕ್ಟರು ಇನ್ನೊಂದು ಟೇಕ್ ಎಂದರು. ಕನ್ನಮ್ಮ ಮಂಚದಿಂದ ಇಳಿದು ಧಾರೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಮಾತು ಕೊಟ್ಟಿದ್ದೆ, ಒಂದ್ಸಲ ಸತ್ತೆ. ಎರಡ್ಸಲಕ್ಕೆ ಮಾತಾಗಿಲ್ಲ. ಹೊರಗೆ ಜನ ಕಾಯ್ತಿದ್ದಾರೆ, ನಿಮ್ಮ ದೀಪಗೀಪ ಅತ್ಲಾಗೆ ಇಡಿ."

ಏಳೂವರೆ ಆಸ್ಪತ್ರೆಯಲ್ಲಿ ಸತ್ತದ್ದು ಹೊದಿಕೆಯಡಿಯ ಒಂದು ದಿಂಬು. ಅದಕ್ಕಾಗಿ ರಾಜ್ಯವೆಲ್ಲ ಅತ್ತಿತಂತೆ. ಕನ್ನಮ್ಮ ನೋಡಲಿಲ್ಲ. ಅವಳಿಗೀಗ ಮಂಗಳವಾರ, ಶುಕ್ರವಾರ ಬೆಳಗಿನಿಂದಲೇ ಗೇಟಿನಲ್ಲಿ ಕೂತು ಸ್ಕೂಟರು ಬಂತೇ ಎಂದು ಕಾಯುವ ಕೆಲಸ. ತಡವಾದರೆ ಬೈಗುಳ ಸಿದ್ಧ. ಮುಂದಿನ ಆದೇಶ ಅಂದರೆ ಯಾವತ್ತು ಎಂದು ಸಾಹೇಬರನ್ನು ಕೇಳುತ್ತಲೇ ಇದ್ದಾಳೆ.

ಮೊನ್ನೆ ಅವರ ಕಚೇರಿಯಿಂದ ಒಬ್ಬ ಬಂದಿದ್ದ. ಒಡೆದ ಬೀಗ ಸರ್ಕಾರಿ ಆಸ್ತಿ, ನಿಮ್ಮಲ್ಲಿದೆಯಂತೆ, ವಾಪಸು ಕೊಡಬೇಕು ಎಂದ. ಆ ಇಲಾಖೆ ಹಾರೇಕೊಪ್ಪದ ಆಸ್ಪತ್ರೆಯಿಂದ ಏನಾದರೂ ಕಳೆದುಹೋಗಿದೆ ಎಂದು ಗಮನಿಸಿದ್ದು ಅದೇ ಮೊದಲು.

"ಕೊಡ್ತೀನಿ" ಎಂದಳು ಕನ್ನಮ್ಮ, ಅಂಗಳ ಗುಡಿಸುವುದನ್ನು ನಿಲ್ಲಿಸದೆ. "ನಿನ್ನ ಕೈಗಲ್ಲ. ನಿಮ್ಮ ಸಾಹೇಬ್ರಿಗೆ ಓಡಿ ಬರೋಕೆ ಹೇಳು."