ಎಲೆಅಡಿಕೆಯ ಮೊದಲ ರಸ

ಅರಸೀಕೆರೆಯ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಸಹಾಯಕಿಯಾಗಿರುವ ಭಾಗ್ಯ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬಾಲ್ಯದಲ್ಲಿ ಕುಡಿದ, ಫ್ಲೋರೈಡ್ ಹೆಚ್ಚಿದ್ದ ಬೋರ್ ನೀರು ಅವರ ಹಲ್ಲುಗಳ ಮೇಲೆ ಕಂದು ಪಟ್ಟಿ ಬಿಟ್ಟಿದೆ. ಅಂಥದ್ದೇ ನೀರು ಅತ್ತೆ ದ್ಯಾವಮ್ಮನವರ ಮಂಡಿಗಳನ್ನು ಬಗ್ಗಿಸಿದೆ. ಸುತ್ತಲಿನ ಊರಿನವರಿಗೆಲ್ಲ ಫ್ಲೋರೈಡ್ ಎಂದರೆ ಕಾಯಿಲೆಯ ಹೆಸರು.

ಆ ಹೆಸರನ್ನು ದಿನವೂ ಔಷಧಿಯೆಂದು ಹೇಳುವುದು ಭಾಗ್ಯ ಅವರ ಕೆಲಸ. ಫ್ಲೋರೈಡ್ ಜೆಲ್ ಹಚ್ಚಿ, ಜೊತೆಗೆ ಲೇಸರ್ ಬೆಳಕು ಹಾಯಿಸಿದರೆ ಹಲ್ಲಿನ ಮೇಲ್ಪದರ ಗಟ್ಟಿಯಾಗಿ ಹುಳುಕು ಕಡಿಮೆಯಾಗಬಹುದು. ಖಾತ್ರಿ ಮಾತ್ರ ಕೊಡಬೇಡಿ ಎಂದು ಡಾಕ್ಟರ್ ಶರ್ಮಿಳಾ ಹೇಳಿದ್ದಾರೆ. ಖಾತ್ರಿಯವರೆಗೆ ಮಾತು ಬರುವುದೇ ಇಲ್ಲ. ಫ್ಲೋರೈಡ್ ಎಂದೊಡನೆ ಮಕ್ಕಳನ್ನು ಕರೆತಂದ ತಾಯಂದಿರು ಹೊರಡಲು ಚಪ್ಪಲಿ ಹುಡುಕುತ್ತಾರೆ.

ಮನೆಯಲ್ಲೂ ಅದೇ ಕಥೆ. ಎಂಟು ವರ್ಷದ ಮಗಳ ಹಾಲುಹಲ್ಲುಗಳು ಹುಳುಕಾಗಿ ಕೀಳಿಸಬೇಕಾಯಿತು. ಈಗ ಬಂದಿರುವ ದವಡೆ ಹಲ್ಲುಗಳು ಹೋದರೆ ಮತ್ತೆ ಬರುವುದಿಲ್ಲ. ಮಗು ಕುಡಿದು ಬೆಳೆದದ್ದು ಫಿಲ್ಟರ್ ನೀರು, ಹಲ್ಲಿನಲ್ಲಿ ಕಲೆಯಿಲ್ಲ. ಡಾಕ್ಟರು ಎಲ್ಲ ನೋಡಿಯೇ ಚಿಕಿತ್ಸೆಗೆ ಒಪ್ಪಿದ್ದರು. ಒಪ್ಪದವರು ದ್ಯಾವಮ್ಮ.

“ನನ್ ಮಂಡಿ ತಿಂದ ವಿಷಾನ ಮಗೀನ ಬಾಯಿಗೆ ಹಾಕ್ಸ್ತೀಯೇನೇ?”

“ಅದು ಕುಡಿಯೋದಲ್ಲ ಕಣತ್ತೆ.”

“ಬಾಯಿಗೆ ಹಾಕಿದ್ದು ಇನ್ನೆಲ್ಲಿಗೋದಾತು, ಕಿವೀಗಾ?”

ಗಂಡ ಧರ್ಮೇಶ್ ಟಿವಿಯ ಸದ್ದು ಹೆಚ್ಚಿಸಿದರು. ಇದೇ ವಾದವನ್ನು ಕ್ಲಿನಿಕ್ಕಿನಲ್ಲಿ ಮಾಡಿ ಮಾಡಿ ಬಂದಿದ್ದ ಭಾಗ್ಯ ಅವರಿಗೆ ಮತ್ತೆ ಶುರುಮಾಡುವ ತ್ರಾಣವಿರಲಿಲ್ಲ. “ಎಲ್ಲಾನೂ ಉಗುಳಿಸ್ತಾರೆ ಅತ್ತೆ,” ಎಂದಷ್ಟೇ ಹೇಳಿ ಪಾತ್ರೆ ತೊಳೆಯಲು ಹೋದರು.

ಎಲೆಗೆ ಸುಣ್ಣ ಸವರುತ್ತಿದ್ದ ದ್ಯಾವಮ್ಮನವರ ಬೆರಳು ನಿಂತಿತು. ಎಲೆಅಡಿಕೆಯ ಮೊದಲ ರಸ ವಿಷ, ಅದನ್ನು ನುಂಗಬಾರದು, ಉಗುಳಬೇಕು ಎಂಬುದು ಅವರು ಹರೆಯದಿಂದ ಪಾಲಿಸಿಕೊಂಡು ಬಂದ ನೇಮ.

“ಮೊದಲ್ನೇ ರಸ ಉಗುಳ್ದಂಗಾ?”

“ಹೂಂ, ಹಂಗೇ,” ಎಂದರು ಭಾಗ್ಯ ಅಡುಗೆಮನೆಯಿಂದಲೇ.

“ಅದ್ನ ಆಗ್ಲೇ ಹೇಳಕ್ಕೆ ಏನಾಗಿತ್ತೇ? ನಾನೂ ಬತ್ತೀನಿ. ಒಂದು ತೊಟ್ಟು ಒಳಕ್ಕೋದ್ರೆ ನಿನ್ನೂ ಬಿಡಾಕಿಲ್ಲ, ನಿನ್ ಡಾಕ್ಟ್ರನ್ನೂ ಬಿಡಾಕಿಲ್ಲ.”

ಶನಿವಾರ ದ್ಯಾವಮ್ಮ ಮೊಮ್ಮಗಳ ಪಕ್ಕದಲ್ಲೇ ಕುಳಿತರು. ಲೇಸರಿಗೆಂದು ಕೊಟ್ಟ ಕಪ್ಪು ಕನ್ನಡಕವನ್ನು ಚಿಕಿತ್ಸೆ ಮುಗಿದ ಮೇಲೂ ತೆಗೆಯಲಿಲ್ಲ. “ಉಗುಳವ್ವ, ಇನ್ನೊಂದ್ ದಪ ಉಗುಳು,” ಎನ್ನುತ್ತಲೇ ಇದ್ದರು. ಉಗುಳಲು ಏನೂ ಉಳಿಯದ ಮಗು ಬರಿಯ ಸದ್ದು ಮಾಡಿ ತೋರಿಸಿತು. ದ್ಯಾವಮ್ಮನವರಿಗೆ ಸಮಾಧಾನವಾಯಿತು.

ಸೋಮವಾರ ಹೊಸ ತಾಯಿಯೊಬ್ಬರು ಬಂದಾಗ ಭಾಗ್ಯ ಎಲೆಅಡಿಕೆಯಿಂದಲೇ ಮಾತು ಆರಂಭಿಸಿದರು. ಆಕೆ ಕೊನೆಯವರೆಗೂ ಕೇಳಿದರು.

“ನಮ್ಮನೇಲಿ ಯಾರೂ ಎಲೆಅಡಿಕೆ ಹಾಕಲ್ಲ ಕಣ್ರೀ,” ಎಂದು ಎದ್ದು ಚಪ್ಪಲಿ ಹುಡುಕಿದರು.