ಹಿಂದಿನ ಗೋಡೆಯ ಕಿಂಡಿ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಅನ್ನ ಸೇರುವುದಿಲ್ಲ. ನಿಮಗೂ ಅಂಥದೊಂದು ವಾಸನೆ ಇದ್ದೀತು, ಬಂದೊಡನೆ ಈಗ ಇಲ್ಲದ ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸುವಂಥದು. ನಮ್ಮ ಮನೆ ಆಸ್ಪರಿ ಕಡೆಯ ಎರೆಹೊಲಗಳ ಅಂಚಿನಲ್ಲಿತ್ತು. ಯಾವ ಕಾಲದ್ದೋ ಕಲ್ಲುಮನೆ. ನಡುಮನೆಯ ಗೋಡೆಗೆ ಕಡುಬೇಸಿಗೆಯಲ್ಲೂ ಬೆನ್ನು ಆನಿಸಿದರೆ ತಣ್ಣಗೆನಿಸುತ್ತಿತ್ತು. ಮುತ್ತಜ್ಜ ದನಗಳಿಗೆಂದು ಒಂದು ಅಂಕಣ ಸೇರಿಸಿದ್ದ. ಅಜ್ಜ ಆದವಾನಿಯಲ್ಲಿ ಹತ್ತಿ ಮಾರಿ ಬಂದ ವರ್ಷ ತೇಗದ ಕಂಬಗಳ ಪಡಸಾಲೆ ಎಬ್ಬಿಸಿದ್ದ. ಅಪ್ಪ ಗಾಜಿನ ಕಿಟಕಿ ಇಡಿಸಿ ಊರನ್ನೆಲ್ಲ ಕರೆದು ತೋರಿಸಿದ್ದ. ಆದರೆ ಹಿಂದಿನ ಗೋಡೆಯನ್ನು ಯಾರೂ ಯಾರಿಗೂ ತೋರಿಸುತ್ತಿರಲಿಲ್ಲ. ಅಲ್ಲಿ ಬಾಗಿಲಿನಷ್ಟಗಲ ಬೇರೆ ಬಣ್ಣದ ಕಲ್ಲು ತುಂಬಿ ಮುಚ್ಚಿದ ಜಾಗಗಳಿದ್ದವು. ಕೆಟ್ಟ ನಕ್ಷತ್ರದಲ್ಲಿ ಜೀವ ಬಿಟ್ಟವರನ್ನು ತಲೆಬಾಗಿಲಿನಿಂದ ಒಯ್ದರೆ ಅವರು ದಾರಿ ನೆನಪಿಟ್ಟು ಮರಳಿ ಬಂದು ಇನ್ನೊಬ್ಬರನ್ನು ಕರೆದೊಯ್ಯುತ್ತಾರೆಂದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಗೋಡೆ ಒಡೆದು ಒಯ್ಯಬೇಕು, ಹೊತ್ತವರು ಮರಳುವುದರೊಳಗೆ ಕಟ್ಟಿಬಿಡಬೇಕು. ನಾವು ಮಕ್ಕಳು ಆ ಕಲ್ಲುಗಳನ್ನು ಮುಟ್ಟಿ ಓಡುವ ಆಟ ಆಡಿದರೆ ಅವ್ವ ಬೆನ್ನಿಗೊಂದು ಬಿಡುತ್ತಿದ್ದಳು.

ಆ ಅವ್ವನೇ ನನ್ನ ತಮ್ಮನನ್ನು ಹೆತ್ತು ಮತ್ತೆ ಏಳಲಿಲ್ಲ. ನಕ್ಷತ್ರ ಕೆಟ್ಟದೆಂದರು, ಗೋಡೆ ಒಡೆದರು. ಅವಳನ್ನು ಹೊತ್ತೊಯ್ದ ಗೋಡೆಯ ಒಡಕಿನಿಂದ ಬಿಸಿಲು ಆ ಕತ್ತಲ ಕೋಣೆಯೊಳಗೆ ಬಂದು ಬಿತ್ತು. ಬಾಣಂತಿಯ ಚಾಪೆ, ಬಿಸಿನೀರಿನ ಹಂಡೆ ಎಲ್ಲ ಬೆಳ್ಳಗೆ ಕಂಡವು. ಗೌಂಡಿ ಸುಣ್ಣ ಕಲಸಿ ಕಲ್ಲು ಏರಿಸತೊಡಗಿದ. ಆಗ ಅಜ್ಜಿ ಬಂದಳು. ಸೊಸೆ ಇಟ್ಟ ಹೆಜ್ಜೆಗೆಲ್ಲ ತಪ್ಪು ಹುಡುಕುತ್ತಿದ್ದ ಅಜ್ಜಿ, ಮೇಲೊಂದು ಕಿಂಡಿ ಬಿಡು ಎಂದಳು. ಅವನು ಹೌಹಾರಿ, ಆಕಿ ಬಂದು ಕೂಸಿನ್ನ ಕರಕೊಂಡು ಹೋದ್ರ ಏನು ಮಾಡ್ತೀಯವ್ವ ಎಂದ.

"ಹಸಿ ಬಾಣಂತಿ ಆಕಿ. ಕೂಸಿನ್ನ ನೋಡದ ಹೆಂಗಿರ್ತಾಳ? ಕರಕೊಂಡು ಹೋಗೋದಾದ್ರ ನನ್ನ ಕರಕೊಂಡು ಹೋಗ್ಲಿ."

ಅಂದಿನಿಂದ ಅಜ್ಜಿಯ ಹಾಸಿಗೆ ಆ ಕಿಂಡಿಯ ಕೆಳಗೆ, ಕೂಸು ಅವಳ ಆಚೆ ಮಗ್ಗುಲಿಗೆ. ಅರಳೆಯ ಬತ್ತಿ ಅದ್ದಿ ಅದ್ದಿ ಆಡಿನ ಹಾಲು ಕುಡಿಸುತ್ತಿದ್ದಳು. ಕೂಸು ಉಳಿಯುವುದಿಲ್ಲವೆಂದು ನೆರೆಯವರು ಪಿಸುಗುಟ್ಟುತ್ತಿದ್ದರು, ಅಪ್ಪ ಆ ಕೋಣೆಗೆ ಕಾಲಿಡಲು ಅಂಜುತ್ತಿದ್ದ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಕುಸುಬೆ ಎಣ್ಣೆಯ ಹಣತೆ ಹಚ್ಚುವ ಹೊತ್ತಿಗೆ ಕೆಲವು ಸಂಜೆ, ಎಲೆಯೂ ಅಲ್ಲಾಡದಿದ್ದರೂ, ಕುಡಿ ಒಳಮುಖವಾಗಿ ಬಾಗುತ್ತಿತ್ತು. ನಾನು ಅಜ್ಜಿಯ ಸೆರಗು ಹಿಡಿಯುತ್ತಿದ್ದೆ. ಅಂಜಿಕೆ ಎಷ್ಟೋ ಆಸೆಯೂ ಅಷ್ಟೇ, ಯಾಕೆಂದರೆ ನನಗೂ ಅವ್ವ ಬೇಕಾಗಿದ್ದಳು. ಅಜ್ಜಿ ಮಾತ್ರ ಕಿಂಡಿಯತ್ತ ಮುಖವೆತ್ತಿ, ಸೊಸೆಯನ್ನು ಗದರುತ್ತಿದ್ದ ಅದೇ ದನಿಯಲ್ಲಿ ಹೇಳುತ್ತಿದ್ದಳು:

"ಹಾಲು ಕುಡದಾನ, ಮಲಗ್ಯಾನ. ನೋಡಿದ್ದಾತಲ್ಲ, ಹೋಗಿನ್ನ."

ತಮ್ಮ ಉಳಿದ. ಅವನು ಹೊಲದಲ್ಲಿ ಕುಂಟೆ ಹಿಡಿಯುವುದನ್ನು ಕಂಡೇ ಅಜ್ಜಿ ಕಣ್ಣು ಮುಚ್ಚಿದಳು. ಒಳ್ಳೆಯ ನಕ್ಷತ್ರ, ತಲೆಬಾಗಿಲಿನಿಂದಲೇ ಹೋದಳು. ಆಮೇಲೆ ತಮ್ಮನೇ ಮನೆ ಕೆಡವಿ ಸಿಮೆಂಟಿನದು ಕಟ್ಟಿದ. ಹಿಂದಿನ ಗೋಡೆಯ ಕಲ್ಲು ಹೊಲದ ಬದುವಿಗೆ ಹೋಯಿತು. ಕಳೆದ ವರ್ಷ ಅವನೂ ಹೋದ.

ಮೊನ್ನೆ ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದರು. ತಟ್ಟೆ ದೂಡಿದೆ. ಕಿಂಡಿ ಇಲ್ಲದ ಗೋಡೆಯತ್ತ ತಿರುಗಿ, ಯಾರಾದರೂ ಕೇಳಿಸಿಕೊಂಡಾರೆಂಬ ನಾಚಿಕೆಯೂ ಇಲ್ಲದೆ ಹೇಳಿದೆ: "ಅವ್ವಾ, ಇನ್ನ ಇಲ್ಲಿ ಹುಡುಕಬ್ಯಾಡ. ತಮ್ಮ ನಿನ್ನ ಕಡೇನ ಬಂದಾನ."