ವಿಮಾನದ ಪಕ್ಕದಲ್ಲೇ ಓಡುವ ಭಾವ

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಊರಾಚೆಯ ಪುಟ್ಟ ವಿಮಾನ ನಿಲ್ದಾಣದಲ್ಲಿ ಬೆಂಕಿ ಆರಿಸುವ ಕೆಲಸದಲ್ಲಿದ್ದಾರೆ. ಆದರೆ ಸೇರಿದಾಗಿನಿಂದ ಅಡುಗೆಮನೆಯ ಒಲೆ ಬಿಟ್ಟು ಬೇರೆಲ್ಲೂ ಬೆಂಕಿ ಕಂಡವರಲ್ಲ. ನಮ್ಮ ಅತ್ತೆಗೆ ಇದು ಬಗೆಹರಿಯದ ಚಿಂತೆ.

“ಈ ವರ್ಷವೂ ಏನೂ ಹೊತ್ಕೊಳ್ಳಲಿಲ್ವಾ ಅಳಿಯಂದ್ರೇ?”

“ಇಲ್ಲ ಅತ್ತೆ.”

“ಮತ್ತೆ ಸಂಬಳ ಯಾತಕ್ಕೆ ಕೊಡ್ತಾರೆ?”

“ಹೊತ್ಕೊಳ್ಳದೇ ಇದ್ದಿದ್ದಕ್ಕೇ ಅತ್ತೆ.”

ಭಾವನಿಗೊಂದು ಚಟ. ವಿಮಾನ ಇಳಿಯುವಾಗ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದರೆ ಸಾಕು ಎಂಬುದು ನಿಯಮ. ಇವರು ಮಾತ್ರ ಜೊತೆಗಾರನನ್ನು ಕೂರಿಸಿಕೊಂಡು, ರನ್‌ವೇ ಪಕ್ಕದ ಮಣ್ಣುದಾರಿಯಲ್ಲಿ ವಿಮಾನದ ಸಮಕ್ಕೇ ಕೆಂಪು ಗಾಡಿ ಓಡಿಸಿ, ಅದು ನಿಂತ ಮೇಲೆ ತಣ್ಣಗೆ ವಾಪಸಾಗುತ್ತಿದ್ದರು. ಕಚೇರಿಯಲ್ಲಿ ಅವರಿಗೆ ‘ಮೆರವಣಿಗೆ’ ಎಂದೇ ಹೆಸರು. ಡೀಸೆಲ್ ದಂಡ ಎಂದು ಮೇಲಧಿಕಾರಿ ಗೊಣಗಿದರೆ, “ಬೀಳೋ ವಿಮಾನ ನಾನು ಬರೋ ತನಕ ಕಾಯುತ್ತಾ ಸಾರ್?” ಎನ್ನುತ್ತಿದ್ದರು.

ನನ್ನ ಗೆಳೆಯನೊಬ್ಬ ಬಟ್ಟೆ ಅಂಗಡಿಯ ಸಾಹುಕಾರ. ಐವತ್ತು ದಾಟಿದ ಮೇಲೆ ವಿಮಾನ ಓಡಿಸುವುದನ್ನು ಕಲಿತು, ಎರಡು ಸೀಟಿನದೊಂದನ್ನು ಕೊಂಡೂ ಬಿಟ್ಟ. ಅದನ್ನು ನಿಲ್ಲಿಸುತ್ತಿದ್ದುದು ಭಾವನ ನಿಲ್ದಾಣದಲ್ಲೇ. “ಬಾರೋ, ಒಂದು ಸುತ್ತು ಹೋಗ್ಬರೋಣ” ಅಂದ. ಪುಕ್ಕಟೆ ಎಂದರೆ ನಾನು ಆಕಾಶಕ್ಕೂ ಸಿದ್ಧ. ಮೇಲಿನಿಂದ ನಮ್ಮ ಮನೆಯ ತಾರಸಿಯಲ್ಲಿ ಒಣಹಾಕಿದ್ದ ನನ್ನದೇ ಬನಿಯನ್ ಕಂಡು ಹಿಗ್ಗಿ ಹೀರೇಕಾಯಿಯಾದೆ.

ಇಳಿಯುವಾಗ ಎಡಗಡೆಯ ಚಕ್ರ ನೆಲ ಮುಟ್ಟಿದ್ದೇ ಮುರಿಯಿತು. ರೆಕ್ಕೆ ನೆಲಕ್ಕುಜ್ಜಿ, ವಿಮಾನ ಗಿರ್ರನೆ ತಿರುಗಿ ಹುಲ್ಲಿಗೆ ನುಗ್ಗಿ ವಾಲಿ ನಿಂತಿತು. ಮೂಗಿಗೆ ಪೆಟ್ರೋಲಿನ ವಾಸನೆ. ಸಾಹುಕಾರ ಬೆಲ್ಟು ಬಿಚ್ಚಿ ಹೊರಗೆ ಹಾರಿದ. ನನ್ನದು ಬಿಚ್ಚಲಿಲ್ಲ. ಬಕಲ್ ಎಲ್ಲೋ ಹೂತುಹೋಗಿತ್ತು. ಎಷ್ಟು ತಡಕಿದರೂ ಕೈಗೆ ಸಿಕ್ಕಿದ್ದು ನನ್ನ ಹೊಟ್ಟೆಯೇ. ಎಂಜಿನ್ನಿನಿಂದ ಹೊಗೆ ಬಂತು, ಅದರ ಬೆನ್ನಿಗೇ ಬೆಂಕಿ.

ಕೂಗಲು ಬಾಯಿ ತೆರೆದೆ. ಬಾಯಿ ತುಂಬ ನೊರೆ! ಕೆಂಪು ಗಾಡಿ ಆಗಲೇ ಪಕ್ಕದಲ್ಲಿತ್ತು. ಅದು ಶೆಡ್ಡಿನಿಂದ ಹೊರಟು ಬರಬೇಕಾಗಿದ್ದರೆ, ಇದನ್ನು ಬರೆಯಲು ಬೇರೆ ಯಾರನ್ನಾದರೂ ಹುಡುಕಬೇಕಾಗುತ್ತಿತ್ತು. ಜೊತೆಗಾರ ಬೆಂಕಿ ಆರಿಸುವ ನೊರೆ ಹೊಡೆಯುತ್ತಿದ್ದಂತೆಯೇ ಭಾವ ರೆಕ್ಕೆ ಹತ್ತಿ ಒಳಗೆ ಬಗ್ಗಿದರು.

“ಅಯ್ಯೋ, ನೀನೇನಯ್ಯಾ! ಹೊಟ್ಟೆ ಒಳಗೆ ಎಳ್ಕೊ!”

“ಎಳ್ಕೊಂಡೇ ಇಷ್ಟು ಭಾವ!”

ಬೆಲ್ಟಿಗೆ ಚಾಕು ಹಾಕಿದರು. ಸೀಟಿನ ಬೆಲ್ಟಿನ ಜೊತೆ ಪ್ಯಾಂಟಿನ ಬೆಲ್ಟೂ ತುಂಡಾಯಿತು. ಕಂಕುಳಿಗೆ ಕೈ ಕೊಟ್ಟು ಎಳೆದು ಹುಲ್ಲಿನ ಮೇಲೆ ಕೆಡವಿ, “ಓಡು!” ಅಂದರು. ಎರಡೂ ಕೈಯಲ್ಲಿ ಮಾನ ಹಿಡಿದುಕೊಂಡು ಓಡಿದೆ.

ಬೆಂಕಿ ಆರಿತು. ಸಾಹುಕಾರನಿಗೆ ಕೈ ಉಳುಕಿತ್ತು, ಅಷ್ಟೆ. ನನಗೆ ಒಂದು ತರಚುಗಾಯವೂ ಇಲ್ಲ.

ಶೆಡ್ಡಿಗೆ ಹೋದರೆ ಭಾವ ಒಬ್ಬರೇ ಬೆಂಚಿನ ಮೇಲೆ ಕುಳಿತಿದ್ದರು. ನೆನೆದ ಬೂಟಿನ ಲೇಸು ಬಿಚ್ಚಲು ನೋಡುತ್ತಾರೆ, ಬೆರಳು ನಿಲ್ಲುತ್ತಿಲ್ಲ, ಗಡಗಡ ನಡುಗುತ್ತಿವೆ. ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ ಆ ನಡುಕ! ನಾನು ಅವರ ಮುಂದೆ ಮೊಣಕಾಲೂರಿದೆ.

“ಏಯ್, ಕಾಲು ಮುಟ್ಟಬೇಡಯ್ಯ. ಯಾರಾದ್ರೂ ನೋಡಿದ್ರೆ ನಗ್ತಾರೆ.”

“ನಗ್ಲಿ ಬಿಡಿ ಭಾವ. ನಗೋದಕ್ಕೆ ನಾನು ಉಳಿದಿದೀನಲ್ಲ.”

ಲೇಸು ಬಿಚ್ಚಲು ಎರಡೂ ಕೈ ಬೇಕಿತ್ತು. ಪ್ಯಾಂಟನ್ನು ಅದರ ಪಾಡಿಗೆ ಬಿಟ್ಟೆ.